ಸೇನಾವಾದ್ಯಗಳ ಋತು

ಸಂಗೀತಕ್ಕೂ ಋತುಗಳಿವೆ ಎಂಬುದನ್ನು ನಮ್ಮ ನಾಡಿನ ರಸಿಕರಿಗೆ ಹೇಳಬೇಕಾಗಿಲ್ಲ. ಚೈತ್ರದಲ್ಲಿ ರಾಮನವಮಿಯ ಚಪ್ಪರಗಳು ಏಳುತ್ತವೆ. ಮಾರ್ಗಶಿರದಲ್ಲಿ ಚೆನ್ನೈಯ ಸಭೆಗಳು ತುಂಬುತ್ತವೆ. ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನಲ್ಲಿ ಆರಾಧನೆ ನಡೆಯುತ್ತದೆ. ಇವುಗಳ ಜೊತೆಜೊತೆಗೇ ಸಾಗುವ ಇನ್ನೊಂದು ಋತುವಿದೆ. ಅದಕ್ಕೆ ಸಭಾಂಗಣವಿಲ್ಲ, ಮೈದಾನವೇ ವೇದಿಕೆ. ಅಲ್ಲಿ ನುಡಿಸುವ ನೂರಾರು ಕಲಾವಿದರ ಹೆಸರು ಯಾವ ಆಹ್ವಾನಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಮರುದಿನ ಅವರ ವಾದನದ ವಿಮರ್ಶೆಯನ್ನು ಯಾರೂ ಬರೆಯುವುದಿಲ್ಲ. ಸೈನ್ಯದ ವಾದ್ಯವೃಂದಗಳ, ಎಂದರೆ ನಾವು ಮಿಲಿಟರಿ ಬ್ಯಾಂಡು ಎಂದು ಕರೆಯುವ ಮೇಳಗಳ ಋತು ಅದು. ಅದು ಮತ್ತೆ ಸಮೀಪಿಸುತ್ತಿರುವ ಈ ಹೊತ್ತಿನಲ್ಲಿ ಆ ವಾದ್ಯಗಳನ್ನೂ ಅವುಗಳ ಹಿಂದಿರುವ ಜನರನ್ನೂ ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಪಾಲಿಗೆ ಈ ಋತು ವಿಜಯದಶಮಿಯಿಂದ ಆರಂಭವಾಗುತ್ತದೆಂದರೆ ತಪ್ಪಾಗದು. ಮೈಸೂರಿನ ಜಂಬೂ ಸವಾರಿಯಲ್ಲಿ ಪೊಲೀಸ್ ವಾದ್ಯವೃಂದ ಹೆಜ್ಜೆಯಿಟ್ಟಾಗ ಅದರ ನಾಂದಿಯಾಗುತ್ತದೆ. ಡಿಸೆಂಬರ್ 4 ನೌಕಾದಿನ. ಜನವರಿ 15 ಸೇನಾದಿನ. 1949ರಲ್ಲಿ ಅಂದು ಕೊಡಗಿನ ಕೆ. ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ದಂಡನಾಯಕತ್ವವನ್ನು ಆಂಗ್ಲ ಅಧಿಕಾರಿಯ ಕೈಯಿಂದ ಸ್ವೀಕರಿಸಿದರು. ದೆಹಲಿಯಲ್ಲೇ ನಡೆಯುತ್ತಿದ್ದ ಆ ದಿನದ ಪಥಸಂಚಲನ 2023ರಲ್ಲಿ ಮೊದಲ ಬಾರಿಗೆ ರಾಜಧಾನಿಯಾಚೆಗೆ ಬಂದಾಗ, ಅದು ಬಂದದ್ದು ಬೆಂಗಳೂರಿಗೆ. ಆಮೇಲೆ ಗಣರಾಜ್ಯೋತ್ಸವ. ಕೊನೆಗೆ ಜನವರಿ 29ರ ಸಂಜೆ, ದೆಹಲಿಯ ವಿಜಯ ಚೌಕದಲ್ಲಿ ಭೂಸೇನೆ, ನೌಕಾದಳ, ವಾಯುದಳ ಹಾಗೂ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ವಾದ್ಯವೃಂದಗಳು ಒಟ್ಟಾಗಿ ನುಡಿಸುವ ‘ಬೀಟಿಂಗ್ ರಿಟ್ರೀಟ್’. ಅಲ್ಲಿಗೆ ಋತು ಮುಗಿಯುತ್ತದೆ.

ಈ ಹೆಸರಿನಲ್ಲೇ ಒಂದು ಇತಿಹಾಸ ಅಡಗಿದೆ. ದೂರವಾಣಿ, ರೇಡಿಯೋಗಳಿಲ್ಲದ ಕಾಲದಲ್ಲಿ ಸೇನಾಪತಿಯ ಆಜ್ಞೆ ಸಾವಿರ ಜನರಿಗೆ ತಲುಪುತ್ತಿದ್ದುದು ನಾದದ ಮೂಲಕ. ಏಳುವುದಕ್ಕೊಂದು ಕಹಳೆ, ಊಟಕ್ಕೊಂದು, ಏರಿಹೋಗುವುದಕ್ಕೊಂದು. ಸೂರ್ಯ ಮುಳುಗಿದಾಗ ಕಾಳಗ ನಿಲ್ಲಿಸಿ ಪಾಳೆಯಕ್ಕೆ ಮರಳಿರೆಂದು ಬಾರಿಸುತ್ತಿದ್ದ ಭೇರಿಯೇ ಈ ‘ರಿಟ್ರೀಟ್’. ಸೈನಿಕ ಪ್ರದರ್ಶನಗಳಿಗೆ ಇಂಗ್ಲಿಷಿನಲ್ಲಿ ‘ಟ್ಯಾಟೂ’ ಎಂಬ ಹೆಸರು ಬಂದುದು ಡಚ್ ಮಾತಿನಿಂದ: ರಾತ್ರಿಯಾಯಿತು, ಪೀಪಾಯಿಯ ನಲ್ಲಿ ಮುಚ್ಚಿ ಎಂದು ಹೆಂಡದಂಗಡಿಗಳಿಗೆ ತಿಳಿಸುವ ತಮ್ಮಟೆಯ ಬಡಿತ ಅದು. ನಮ್ಮ ಕಾವ್ಯಗಳಲ್ಲಿ ಮೊಳಗುವ ರಣಭೇರಿ, ಕಹಳೆ, ಶಂಖಗಳ ಕೆಲಸವೂ ಇದೇ ಆಗಿತ್ತು. ಕೊಡವರ ಕೊಂಬು ಇಂದಿಗೂ ಮದುವೆಯ ವಾಲಗದಲ್ಲಿ ಉಳಿದಿದೆ. ಸೇನಾವಾದ್ಯ ಮೊದಲು ಭಾಷೆ, ಆಮೇಲೆ ಸಂಗೀತ. ಇದನ್ನು ನೆನಪಿಟ್ಟರೆ ಅದರ ಬಿಗಿ ನಮಗೆ ಅರ್ಥವಾಗುತ್ತದೆ.

ಈ ಮೇಳಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕ್ಲಾರಿಯೊನೆಟ್, ಸ್ಯಾಕ್ಸೋಫೋನ್, ಕಾರ್ನೆಟ್, ಟ್ರಾಂಬೋನ್, ಯೂಫೋನಿಯಂ, ಟ್ಯೂಬಾ ಮೊದಲಾದವು ಸೇರಿದ ಹಿತ್ತಾಳೆ ಬ್ಯಾಂಡು ಒಂದು. ಸ್ಕಾಟ್ಲೆಂಡಿನ ಬ್ಯಾಗ್‌ಪೈಪು ಮತ್ತು ತಮ್ಮಟೆಗಳ ಪೈಪು ಬ್ಯಾಂಡು ಇನ್ನೊಂದು. ಎರಡನೆಯದು ನಮ್ಮ ಕಿವಿಗೆ ವಿಚಿತ್ರವೆನಿಸದಿರುವುದಕ್ಕೆ ಕಾರಣವಿದೆ. ವಾದಕನ ಭುಜದ ಮೇಲೆ ಒರಗಿದ ಮೂರು ಕೊಳವೆಗಳು ರಾಗ ನುಡಿಸುವುದೇ ಇಲ್ಲ. ನಾಗಸ್ವರದ ಮಗ್ಗುಲಲ್ಲಿ ಒತ್ತು ಹಿಡಿದವನಂತೆ ಒಂದೇ ಸಮನೆ ಶ್ರುತಿ ಹಿಡಿದಿರುತ್ತವೆ. ಬೆರಳಾಡುವ ಕೊಳವೆಯಲ್ಲಿ ಇರುವುದು ಒಂಬತ್ತೇ ಸ್ವರ. ಅದರ ಸ್ವರಶ್ರೇಣಿ ನಮ್ಮ ಹರಿಕಾಂಭೋಜಿಗೆ ಬಲು ಸಮೀಪ. ಶ್ರುತಿಯೂ ಇದ್ದು ಪರಿಚಿತ ಮೇಳವೂ ಇದ್ದ ಮೇಲೆ, ಆ ವಾದ್ಯ ಗಢವಾಲದ ಗುಡ್ಡಗಳಲ್ಲಿ ಮದುವೆಯ ದಿಬ್ಬಣದ ಮುಂದೆ ನಡೆದುದರಲ್ಲಿ ಆಶ್ಚರ್ಯವೇನು?

ಇನ್ನು ವಾದಕರು. ಅವರು ಮೊದಲು ಸೈನಿಕರು. ಕವಾಯತು, ಬಂದೂಕು ಅವರಿಗೂ ತಪ್ಪಿದ್ದಲ್ಲ. ಯುದ್ಧ ಬಂದರೆ ವಾದ್ಯ ಕೆಳಗಿಟ್ಟು ಗಾಯಾಳುಗಳ ಡೋಲಿ ಹೊರುವುದು ಅವರಿಗೆ ಪರಂಪರೆಯಿಂದ ಬಂದ ಕರ್ತವ್ಯ. ನಿನ್ನೆ ಯಾರಿಗಾಗಿ ನಡೆಯ ಹಾಡು ನುಡಿಸಿದನೋ ಅವನನ್ನೇ ಇಂದು ಹೊತ್ತು ತರಬೇಕಾದವನು ಈ ಕಲಾವಿದ. ಇವರ ಗುರುಕುಲವಿರುವುದು ಮಧ್ಯಪ್ರದೇಶದ ಸಾತ್ಪುಡ ಬೆಟ್ಟಗಳ ಪಚ್‌ಮಢಿಯಲ್ಲಿ. ಕಾರ್ಯಪ್ಪನವರು ದಂಡನಾಯಕರಾಗಿದ್ದ 1950ರಲ್ಲಿ ಆ ಸಂಗೀತ ಶಾಲೆ ಸ್ಥಾಪನೆಯಾಯಿತು. ಹಳ್ಳಿಯ ಭಜನೆಯನ್ನೋ ಡೋಲನ್ನೋ ಕೇಳಿ ಬೆಳೆದ ಹುಡುಗನೊಬ್ಬ ಅಲ್ಲಿ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯನ್ನು ಅಕ್ಷರಾಭ್ಯಾಸದಂತೆ ಕಲಿಯುತ್ತಾನೆ; ಅವರಲ್ಲಿ ಕೆಲವರು ಮುಂದೆ ಬ್ಯಾಂಡ್ ಮಾಸ್ಟರರಾಗಿ ಹಲವಾರು ವಾದ್ಯಗಳಿಗೆ ಬೇರೆಬೇರೆಯಾಗಿ ಸಂಗೀತ ಬರೆಯಬಲ್ಲವರಾಗುತ್ತಾರೆ.

ಅವರ ಕಷ್ಟವೇನೆಂಬುದನ್ನು ತಿಳಿಯಲು ದೆಹಲಿಯ ಜನವರಿಯ ಚಳಿಯನ್ನು ನೆನೆದರೆ ಸಾಕು. ಗಾಳಿ ತಣ್ಣಗಾದಷ್ಟೂ ಅದರಲ್ಲಿ ಶಬ್ದದ ವೇಗ ತಗ್ಗುತ್ತದೆ. ಊದುವ ಕೊಳವೆಗಳ ಶ್ರುತಿ ಇಳಿಯುತ್ತದೆ. ದೊಡ್ಡ ವಾದ್ಯಕ್ಕೂ ಸಣ್ಣದಕ್ಕೂ ಈ ಇಳಿತ ಒಂದೇ ಪ್ರಮಾಣದಲ್ಲಿರುವುದಿಲ್ಲ. ಆದುದರಿಂದ ತನ್ನ ಸರದಿ ಬಾರದಿರುವಾಗಲೂ ವಾದಕ ವಾದ್ಯದೊಳಕ್ಕೆ ಸದ್ದಿಲ್ಲದೆ ಬಿಸಿಯುಸಿರು ತುಂಬುತ್ತ ಅದನ್ನು ಬೆಚ್ಚಗಿಟ್ಟಿರುತ್ತಾನೆ. ಜೊತೆಗೆ ಹೆಜ್ಜೆ ತಪ್ಪಬಾರದು, ಸಾಲು ಮುರಿಯಬಾರದು, ಮುಸ್ಸಂಜೆಯ ಮಬ್ಬಿನಲ್ಲಿ ಸ್ವರ ನೆನಪಿನಿಂದಲೇ ಬರಬೇಕು. ಕುಳಿತು ಹಾಡುವ ನಮ್ಮ ವಿದ್ವಾಂಸರಿಗೆ ಈ ಪರೀಕ್ಷೆ ಒದಗಿದ್ದಿಲ್ಲ.

ಇಷ್ಟು ಶ್ರಮಪಟ್ಟು ಇವರು ನುಡಿಸುವುದು ಯಾರ ಸಂಗೀತ? ಪ್ರಶ್ನೆ ಹೊಸದಲ್ಲ. ಸ್ವಾತಂತ್ರ್ಯ ಬಂದ ವರ್ಷವೇ ಅದು ಎದುರಾಯಿತು. 1947ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮಹಾಸಭೆಯ ಸಂದರ್ಭದಲ್ಲಿ, ವಾದ್ಯಮೇಳದವರು ನುಡಿಸಲು ನಿಮ್ಮ ರಾಷ್ಟ್ರಗೀತೆಯನ್ನು ಕೊಡಿ ಎಂದು ನಮ್ಮ ನಿಯೋಗವನ್ನು ಕೇಳಿದರು. ನಿಯೋಗದ ಬಳಿ ‘ಜನಗಣಮನ’ದ ಒಂದು ಧ್ವನಿಮುದ್ರಿಕೆಯಿತ್ತು, ಅದನ್ನೇ ಕೊಟ್ಟರು. ಮುಂದೆ 1948ರ ಆಗಸ್ಟಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಸಂಗತಿಯನ್ನು ನಿರೂಪಿಸಿದ ನೆಹರೂ ಅವರು, ರಾಷ್ಟ್ರಗೀತೆಗೆ ಪದಗಳಿಗಿಂತ ಧಾಟಿಯೇ ಹೆಚ್ಚು ಮುಖ್ಯವೆಂದೂ, ಅದು ವಾದ್ಯವೃಂದಗಳಿಗೆ ಒಗ್ಗುವಂತಿರಬೇಕೆಂದೂ ವಾದಿಸಿದರು. 1950ರ ಜನವರಿ 24ರಂದು ಆಯ್ಕೆ ಅಧಿಕೃತವಾಯಿತು. ನಮ್ಮ ರಾಷ್ಟ್ರಗೀತೆಯ ನಿರ್ಣಯದಲ್ಲಿ ಬ್ಯಾಂಡಿನವನ ಉಸಿರಿಗೂ ಒಂದು ಪಾಲಿತ್ತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದಕ್ಕೂ ಮುನ್ನ, ಗೂರ್ಖಾ ಪಡೆಯ ಸೈನಿಕನಾಗಿ ಸೆರೆಸಿಕ್ಕು ನೇತಾಜಿಯವರ ಆಜಾದ್ ಹಿಂದ್ ಫೌಜನ್ನು ಸೇರಿದ ಕ್ಯಾಪ್ಟನ್ ರಾಮ್‌ಸಿಂಗ್ ಠಾಕುರಿ ‘ಕದಂ ಕದಂ ಬಢಾಯೇ ಜಾ’ ಗೀತೆಗೆ ಧಾಟಿ ಕಟ್ಟಿದ್ದರು. ಬ್ರಿಟಿಷರ ವಿರುದ್ಧ ಎದ್ದ ಆ ಹಾಡು ಇಂದು ನಮ್ಮ ಸೇನೆಯ ಬ್ಯಾಂಡುಗಳ ನಡೆಗೀತೆ.

ಆದರೆ ನಮ್ಮ ಹಾಡನ್ನು ಈ ವಾದ್ಯಗಳಿಗೆ ಇಳಿಸುವುದು ಸುಲಭದ ಮಾತಲ್ಲ. ಮೊದಲನೆಯ ತೊಡಕು ಕಾಲಿನದು. ಮನುಷ್ಯನಿಗಿರುವುದು ಎರಡೇ ಕಾಲು. ನಿಮಿಷಕ್ಕೆ 120 ಹೆಜ್ಜೆಯ ನಡೆಗೆ ಆದಿತಾಳ ಹೊಂದುತ್ತದೆ, ಏಳೆಣಿಕೆಯ ಮಿಶ್ರಛಾಪು ಹೊಂದುವುದಿಲ್ಲ. ಅದರ ಒಂದೊಂದು ಎಣಿಕೆಗೂ ಹೆಜ್ಜೆಯಿಟ್ಟರೆ ಒಂದು ಆವರ್ತ ಎಡಗಾಲಿನಲ್ಲಿ, ಮರು ಆವರ್ತ ಬಲಗಾಲಿನಲ್ಲಿ ಆರಂಭವಾಗಿ ಪಡೆಯೇ ತಬ್ಬಿಬ್ಬಾದೀತು. ಎರಡನೆಯದು ಸ್ವರಮೇಳದ ತೊಡಕು. ನಮ್ಮ ರಾಗ ಒಂಟಿ ಎಳೆಯಲ್ಲಿ ಹರಿಯುವ ನದಿ. ಬ್ಯಾಂಡಿನಲ್ಲಾದರೋ ಹಲವು ವಾದ್ಯಗಳಿಗೆ ಹಲವು ಪಾಲುಗಳು ಬೇಕು. ಮೇಲಿನ ರಾಗಕ್ಕೆ ಕೆಳಗೆ ಯಾವ ಸ್ವರ ಕೂಡಬೇಕೆಂದು ತೀರ್ಮಾನಿಸುವವನು ರಾಗದ ಭಾವವನ್ನೂ ತೀರ್ಮಾನಿಸಿಬಿಡುತ್ತಾನೆ. ಮೂರನೆಯದು ಗಮಕ. ಗುಂಡಿಯೊತ್ತಿ ಸ್ವರ ಬದಲಿಸುವ ಕಾರ್ನೆಟ್ಟಿನಲ್ಲಿ ಸ್ವರಗಳು ಮೆಟ್ಟಿಲುಗಳಂತೆ ಬೇರೆಬೇರೆ ನಿಲ್ಲುತ್ತವೆ. ಜಾರಿಗೆ ಸಹಜವಾಗಿ ಎಡೆಯಿರುವುದು ಕೊಳವೆಯನ್ನು ಹಿಂದೆ ಮುಂದೆ ಸರಿಸುವ ಟ್ರಾಂಬೋನಿನಲ್ಲಿ. ‘ಸಾರೇ ಜಹಾಂಸೆ ಅಚ್ಛಾ’ವನ್ನು ನಡೆಗೀತೆಯಾಗಿ ರೂಪಿಸಿದ ಪ್ರೊಫೆಸರ್ ಎ. ಲೋಬೊ ಅಂಥವರ ಕೆಲಸದ ಬೆಲೆ ತಿಳಿಯುವುದು ಈ ತೊಡಕುಗಳನ್ನು ಅರಿತಾಗ.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನಲ್ಲಿ ನಡೆದದ್ದೂ ಅಲ್ಲ. ಮುತ್ತುಸ್ವಾಮಿ ದೀಕ್ಷಿತರು ತಾರುಣ್ಯದಲ್ಲಿ ಮದರಾಸಿನ ಬಳಿಯಿದ್ದಾಗ ಇಂಗ್ಲಿಷರ ಬ್ಯಾಂಡುಗಳನ್ನು ಕೇಳಿದರು. ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ಶಂಕರಾಭರಣದ ನೊಟ್ಟುಸ್ವರಗಳನ್ನು ರಚಿಸಿದರು. ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿಯೇ ಅವರ ಕೈಯಲ್ಲಿ ‘ಸಂತತಂ ಪಾಹಿಮಾಂ’ ಎಂಬ ದೇವೀಸ್ತುತಿಯಾಯಿತು. ನಮ್ಮ ಮೈಸೂರಿನಲ್ಲಿ ಅರಮನೆಯ ವಾದ್ಯವೃಂದಗಳ ಪರಂಪರೆ ಪೊಲೀಸ್ ಇಲಾಖೆಯ ಆಶ್ರಯದಲ್ಲಿ ಮುಂದುವರಿದಿದೆ. ಅಲ್ಲಿ ಇಂಗ್ಲಿಷ್ ಬ್ಯಾಂಡಿನ ಜೊತೆಗೆ, ಪಾಶ್ಚಾತ್ಯ ವಾದ್ಯಗಳಲ್ಲೇ ಕೃತಿಗಳನ್ನು ನುಡಿಸುವ ಕರ್ನಾಟಕ ಬ್ಯಾಂಡೂ ಇದೆ. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರೊಬ್ಬರ ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮಾರುಹೋದ. ಆ ಹುಡುಗನೇ ಕದ್ರಿ ಗೋಪಾಲನಾಥ್ (1949-2019). ಗಮಕಕ್ಕೆ ಮಣಿಯದೆನ್ನುವ ವಾದ್ಯವನ್ನು ಸುಮಾರು ಎರಡು ದಶಕ ಪಳಗಿಸಿ, 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮೆನೇಡ್ ಕಛೇರಿಯಲ್ಲಿ ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ಬ್ಯಾಂಡಿನ ವಾದ್ಯವೊಂದು ನಮ್ಮದಾದ ಬಗೆ ಇದು.

ಈ ಹಿನ್ನೆಲೆಯಲ್ಲಿ, ಈಚೆಗೆ ನಡೆದ ಚರ್ಚೆಯೊಂದನ್ನು ನೋಡಬಹುದು. ಹೆನ್ರಿ ಲೈಟ್ ಎಂಬ ಆಂಗ್ಲ ಪಾದ್ರಿ 1847ರಲ್ಲಿ, ಮರಣ ಸಮೀಪಿಸಿದ್ದಾಗ ಬರೆದುಕೊಟ್ಟ ‘ಅಬೈಡ್ ವಿತ್ ಮಿ’ ಪ್ರಾರ್ಥನೆ ಗಾಂಧೀಜಿಯವರಿಗೆ ಬಲು ಪ್ರಿಯವಾಗಿತ್ತು. ಗಾಂಧೀಜಿಯವರ ಪುಣ್ಯದಿನದ ಹಿಂದಿನ ಸಂಜೆ ವಿಜಯ ಚೌಕದಲ್ಲಿ ಅದನ್ನು ನುಡಿಸುವುದು ದೀರ್ಘಕಾಲದ ವಾಡಿಕೆ. 2022ರಲ್ಲಿ ಅದನ್ನು ಕೈಬಿಟ್ಟು, 1962ರ ಯುದ್ಧದಲ್ಲಿ ಮಡಿದವರಿಗಾಗಿ ಕವಿ ಪ್ರದೀಪರು ಬರೆದು ಸಿ. ರಾಮಚಂದ್ರ ಧಾಟಿ ಹಾಕಿದ ‘ಏ ಮೇರೇ ವತನ್ ಕೇ ಲೋಗೋಂ’ ಗೀತೆಯನ್ನು ಸೇರಿಸಿದರು. ನಮ್ಮ ಸೈನಿಕನ ಶೋಕಕ್ಕೆ ನಮ್ಮ ಹಾಡಿರಲಿ ಎಂದವರ ಮಾತಿನಲ್ಲಿ ನ್ಯಾಯವಿದೆ. ಹಳೆಯ ಪ್ರಾರ್ಥನೆ ದೆಹಲಿಯ ಮುಸ್ಸಂಜೆಗೆ ಬೆರೆತು ನಮ್ಮದೇ ಆಗಿತ್ತು ಎಂದು ನೊಂದವರ ಮಾತಿನಲ್ಲಿಯೂ ನಿಜವಿದೆ. ನನ್ನ ಅಭಿಪ್ರಾಯ ಇಷ್ಟೆ: ಹಾಡಿನ ಹುಟ್ಟೂರನ್ನು ವಿಚಾರಿಸಿ ಸಂಗೀತ ನಮ್ಮದೋ ಪರರದೋ ಎಂದು ತೀರ್ಮಾನಿಸಲಾಗದು. ಹಾಡುಗಳ ಪಟ್ಟಿಯನ್ನು ಬದಲಿಸಲು ಒಂದು ಆಜ್ಞೆ ಸಾಕು. ಒಂದು ರಾಗವನ್ನು ಹಿತ್ತಾಳೆಯ ಕೊಳವೆಯಲ್ಲಿ ಜೀವಂತವಾಗಿ ನಿಲ್ಲಿಸಲು ಒಂದು ಜೀವಮಾನದ ಸಾಧನೆ ಬೇಕು. ನಮ್ಮ ಹಾಡುಗಳೇ ಬರಲಿ ಎನ್ನುವವರು ಅವುಗಳನ್ನು ವಾದ್ಯಕ್ಕೆ ಒಗ್ಗಿಸುವ ಬ್ಯಾಂಡ್ ಮಾಸ್ಟರರಿಗೆ ಕಾಲಾವಕಾಶವನ್ನೂ ವಿದ್ವಾಂಸರ ಸಹವಾಸವನ್ನೂ ಒದಗಿಸಬೇಕು. ಇಲ್ಲವಾದರೆ ಹೆಸರು ಮಾತ್ರ ನಮ್ಮದಾಗಿ, ನಾದ ಬಡವಾದೀತು.

ಜನವರಿ 29ರ ಸಂಜೆ ಕೊನೆಯಲ್ಲಿ ಬ್ಯಾಂಡ್ ಮಾಸ್ಟರರು ರಾಷ್ಟ್ರಪತಿಗಳ ಮುಂದೆ ಬಂದು, ಮೇಳಗಳನ್ನು ಹಿಂದಕ್ಕೆ ಕರೆದೊಯ್ಯಲು ಅನುಮತಿ ಬೇಡುತ್ತಾರೆ. 2001ರಲ್ಲಿ ಗುಜರಾತಿನ ಭೂಕಂಪದ ಕಾರಣದಿಂದಲೂ, 2009ರಲ್ಲಿ ಮಾಜಿ ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ನಿಧನದ ಕಾರಣದಿಂದಲೂ ಈ ಸಮಾರಂಭ ನಡೆಯಲಿಲ್ಲ. ವಾರಗಟ್ಟಲೆ ಚಳಿಯಲ್ಲಿ ಅಭ್ಯಾಸ ಮಾಡಿದ ಕಲಾವಿದರು ನುಡಿಸದೆಯೇ ಹಿಂದಿರುಗಿದರು. ನುಡಿಸುವುದೂ ನುಡಿಸದಿರುವುದೂ ಅವರಿಗೆ ಒಂದೇ ಕರ್ತವ್ಯದ ಎರಡು ಮುಖ.

ಈ ಋತುವಿನಲ್ಲಿ ಬಾನುಲಿಯಲ್ಲೋ ದೂರದರ್ಶನದಲ್ಲೋ ಈ ಮೇಳಗಳು ಕೇಳಿಬಂದಾಗ, ಮೇಲಿನ ಧಾಟಿಯನ್ನು ಒಂದು ಗಳಿಗೆ ಬಿಟ್ಟು ಕೆಳಗಿನ ಸ್ವರಗಳಿಗೆ ಕಿವಿಗೊಡಿ. ಅಲ್ಲಿ ಯೂಫೋನಿಯಮ್ಮಿನವನೊಬ್ಬ ಮೂಲ ಹಾಡಿನಲ್ಲಿಲ್ಲದ ಒಂದು ಎಳೆಯನ್ನು ತನ್ನಷ್ಟಕ್ಕೆ ನೇಯುತ್ತಿರುತ್ತಾನೆ. ಟ್ಯೂಬಾದವನು ಹೆಜ್ಜೆಗೊಂದರಂತೆ ಒಂದೊಂದೇ ಸ್ವರವಿಟ್ಟು ಎಲ್ಲರನ್ನೂ ಹೊತ್ತಿರುತ್ತಾನೆ. ಅವರಿಬ್ಬರು ನಿಂತುಬಿಟ್ಟರೆ ಮೇಲಿನ ಹಾಡು ತೇಲಿಹೋಗುತ್ತದೆ. ಹೆಸರು ಹೇಳದ ಆ ಕಲಾವಿದರನ್ನು ಗುರುತಿಸಲು ನಮಗಿರುವ ದಾರಿ ಅದೊಂದೇ.