ಸ್ವಾವಲಂಬಿ ಮನೆ: ಕನಸು ಮತ್ತು ಲೆಕ್ಕ

ಪೇಟೆಯ ಗದ್ದಲ ಬೇಡ, ಸಂಬಳದ ಚಾಕರಿ ಬೇಡ. ಒಂದಿಷ್ಟು ಜಾಗ, ನೀರಿನ ಆಸರೆ, ಹಟ್ಟಿಯಲ್ಲಿ ಎರಡು ದನ, ಮನೆಯ ಸುತ್ತ ತರಕಾರಿ ಇದ್ದರೆ ಸಾಕು ಎಂಬ ಮಾತನ್ನು ಈಗ ಎಲ್ಲೆಡೆ ಕೇಳುತ್ತೇವೆ. ಊರು ಬಿಟ್ಟು ದೂರದ ನಗರಗಳಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋದವರೇ ಇದನ್ನು ಹೆಚ್ಚು ಆಡುತ್ತಾರೆ. ಕನಸು ಒಳ್ಳೆಯದೇ. ಆದರೆ ನಮ್ಮ ಅಜ್ಜ ಅಜ್ಜಿಯರು ಕಾಸರಗೋಡಿನ ಈ ಗುಡ್ಡೆಗಳ ನಡುವೆ ಬಾಳಿದ ಬಾಳುವೆ ಬಹುಮಟ್ಟಿಗೆ ಇದೇ ಅಲ್ಲವೇ? ಅದು ಹೇಗೆ ನಡೆಯುತ್ತಿತ್ತು, ಅದಕ್ಕೆ ಏನೆಲ್ಲ ಬೇಕಾಗುತ್ತಿತ್ತು ಎಂಬುದನ್ನು ವಿದ್ಯಾರ್ಥಿಗಳೂ ಹೆತ್ತವರೂ ಒಟ್ಟಿಗೆ ಕುಳಿತು ವಿಚಾರ ಮಾಡುವುದು ಒಳ್ಳೆಯದು.

ಮೊದಲು ನೀರಿನ ಮಾತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಆದರೂ ಎಪ್ರಿಲ್ ಬಂತೆಂದರೆ ಕೊಡಪಾನ ಹಿಡಿದು ಓಡಾಡಬೇಕಾಗುತ್ತದೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ತೋಡು ಹೊಳೆಗಳ ದಾರಿ ಹಿಡಿದು ಕಡಲು ಸೇರುವುದೇ ಇದಕ್ಕೆ ಕಾರಣ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಸುರಂಗ. ಮುರಕಲ್ಲಿನ ಗುಡ್ಡೆಯ ಬದಿಯಲ್ಲಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ, ನಿಂತು ನಡೆಯುವಷ್ಟು ಎತ್ತರಕ್ಕೆ, ಅಡ್ಡವಾಗಿ ಕೊರೆಯುತ್ತಾ ಹೋಗುತ್ತಾರೆ. ಗುಡ್ಡೆಯೊಳಗೆ ಇಂಗಿದ ಮಳೆನೀರು ಅಲ್ಲಿ ಒಸರುತ್ತದೆ. ನೆಲಕ್ಕೆ ತುಸು ಇಳಿಜಾರು ಕೊಟ್ಟಿರುವುದರಿಂದ ನೀರು ತಾನಾಗಿಯೇ ಹೊರಗೆ ಹರಿದು ಕೆರೆ ಸೇರುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ನೀರು ತೋಟಕ್ಕೆ ಬರುತ್ತಿತ್ತು. ಪಂಪು ಬೇಡ, ಕರೆಂಟು ಬೇಡ. ಅಗೆಯುವವನು ದೀಪ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದನು. ದೀಪ ಮಂಕಾದರೆ ಉಸಿರಾಡುವ ಗಾಳಿ ಸಾಲದೆಂದು ಅರ್ಥ. ಬಾಯಾರು, ಪಡ್ರೆ, ಎಣ್ಮಕಜೆಯ ಕಡೆ ಇಂತಹ ಸುರಂಗಗಳನ್ನು ಇಂದಿಗೂ ಕಾಣಬಹುದು.

ಇನ್ನು ಅನ್ನದ ಲೆಕ್ಕ. ಐದು ಜನರ ಮನೆಗೆ ದಿನಕ್ಕೆ 2 ಕಿಲೋ ಅಕ್ಕಿ ಎಂದಿಟ್ಟುಕೊಂಡರೆ ವರ್ಷಕ್ಕೆ 730 ಕಿಲೋ ಬೇಕು. ಭತ್ತದ ಮೂರನೇ ಎರಡು ಪಾಲು ಅಕ್ಕಿಯಾಗುವುದರಿಂದ ಸುಮಾರು 11 ಕ್ವಿಂಟಲ್ ಭತ್ತ ಬೆಳೆಯಬೇಕು. ಸಾಧಾರಣ ಬೆಳೆ ಬಂದರೆ ಇದಕ್ಕೆ ಒಂದು ಎಕ್ರೆ ಗದ್ದೆ ಬೇಕಾಗುತ್ತದೆ. ದಿನಕ್ಕೆ ಎರಡು ತೆಂಗಿನಕಾಯಿ ಖರ್ಚಾಗುವ ಮನೆಗೆ, ಮರವೊಂದಕ್ಕೆ ವರ್ಷಕ್ಕೆ 60 ಕಾಯಿಯಂತೆ, ಹನ್ನೆರಡು ಹದಿಮೂರು ಮರಗಳಾದರೂ ಬೇಕು. ಎಣ್ಣೆಗೆ ಬೇಕಾದ ಕೊಬ್ಬರಿ ಬೇರೆ. ಕಾಸರಗೋಡು ಗಿಡ್ಡ ತಳಿಯ ದನ ಲೀಟರುಗಟ್ಟಲೆ ಹಾಲು ಕರೆಯುವುದಿಲ್ಲ. ಆದರೆ ಗುಡ್ಡೆಯ ಹುಲ್ಲು ಮೇಯುತ್ತದೆ, ಮಳೆ ಬಿಸಿಲು ತಾಳುತ್ತದೆ. ಹಟ್ಟಿಗೆ ಹಾಸಿದ ಸೊಪ್ಪು ಅದರ ಸೆಗಣಿಯೊಡನೆ ಕಳಿತು ಗೊಬ್ಬರವಾಗುತ್ತದೆ. ಗುಡ್ಡೆಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ, ಗದ್ದೆಯ ಹುಲ್ಲು ಮತ್ತೆ ದನಕ್ಕೆ. ಈ ಚಕ್ರವೇ ಹಳೆಯ ಬೇಸಾಯದ ಬೆನ್ನೆಲುಬು.

ಬೆಳೆದರೆ ಮಾತ್ರ ಸಾಲದು, ಕೂಡಿಡಬೇಕು. ಮಳೆಗಾಲದಲ್ಲಿ ತರಕಾರಿ ಬೆಳೆಯುವುದು ಕಷ್ಟ. ಆದುದರಿಂದ ಬೇಸಗೆಯಲ್ಲಿಯೇ ಮನೆ ಮಂದಿಯೆಲ್ಲ ಮಳೆಗಾಲದ ಸಿದ್ಧತೆಗೆ ತೊಡಗುತ್ತಿದ್ದರು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುತ್ತಿದ್ದರು. ಸೌತೆಕಾಯಿಗಳನ್ನು ಮಾಡಿಗೆ ಸಾಲಾಗಿ ನೇತುಹಾಕುತ್ತಿದ್ದರು. ಹಲಸಿನ ಸೊಳೆಯನ್ನೂ ಮಾವಿನಕಾಯಿಯನ್ನೂ ಉಪ್ಪಿನಲ್ಲಿ ಹಾಕಿಡುತ್ತಿದ್ದರು. ಹಪ್ಪಳ ಅಂಗಳದ ಚಾಪೆಯಲ್ಲಿ, ಪುನರ್ಪುಳಿ ಸಿಪ್ಪೆ ಪಕ್ಕದಲ್ಲಿ ಒಣಗುತ್ತಿತ್ತು. ಕಾಗೆ ಓಡಿಸುವ ಕೆಲಸ ಮಕ್ಕಳದು. ಆಷಾಢದ ಜಡಿಮಳೆಯಲ್ಲಿ ಇವೇ ಊಟದ ಆಧಾರ.

ಇಷ್ಟಕ್ಕೆ ನಿಲ್ಲಿಸಿದರೆ ಚಿತ್ರ ಸುಂದರವಾಗಿಯೇ ಕಾಣುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ. ಆ ಕಾಲದಲ್ಲಿಯೂ ಉಪ್ಪು, ಬಟ್ಟೆ, ಚಿಮಿಣಿ ಎಣ್ಣೆ ಅಂಗಡಿಯಿಂದಲೇ ಬರಬೇಕಿತ್ತು. ಅದಕ್ಕೆ ಅಡಿಕೆಯನ್ನೋ ಕಾಳುಮೆಣಸನ್ನೋ ಮಾರಬೇಕಿತ್ತು. ಪತ್ತಾಯ ತುಂಬಿದ ಮನೆಗಳು ಎಲ್ಲರವೂ ಆಗಿರಲಿಲ್ಲ. ಆ ಪತ್ತಾಯಕ್ಕೆ ಗೇಣಿ ಅಕ್ಕಿ ಅಳೆದು ಕೊಟ್ಟು, ತಾವು ಅರೆಹೊಟ್ಟೆಯಲ್ಲಿ ಮಲಗಿದವರೂ ನಮ್ಮವರೇ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡ ಮೇಲೆಯೇ ಅನೇಕರಿಗೆ ತಾವು ಉತ್ತ ನೆಲ ತಮ್ಮದಾಯಿತು. ಮನೆಯೊಳಗಿನ ದುಡಿಮೆಯನ್ನೂ ಮರೆಯಬಾರದು. ನೀರು ಹೊತ್ತು, ಒನಕೆ ಹಿಡಿದು ಭತ್ತ ಕುಟ್ಟಿ, ಕಲ್ಲಿನಲ್ಲಿ ಅರೆದು, ಹೊಗೆಯಲ್ಲಿ ಕಣ್ಣೊರೆಸಿಕೊಂಡು ಬೇಯಿಸಿದ ಅಜ್ಜಿಯನ್ನು ಕೇಳಿದರೆ ‘ಸರಳ ಜೀವನ’ ಎಂಬ ಮಾತಿಗೆ ಅವರು ನಕ್ಕಾರು. ಸರಳ ಎಂಬುದು ಸುಲಭ ಎಂಬುದಕ್ಕೆ ಇನ್ನೊಂದು ಹೆಸರಲ್ಲ.

ಅಮೇರಿಕದ ಹೆನ್ರಿ ಡೇವಿಡ್ ಥೋರೋ ಎಂಬಾತನು 1845ರಲ್ಲಿ ವಾಲ್ಡನ್ ಕೊಳದ ಬಳಿ ತನ್ನ ಕೈಯಾರೆ ಗುಡಿಸಲು ಕಟ್ಟಿ, ಎರಡು ವರ್ಷ ಎರಡು ತಿಂಗಳು ಒಂಟಿಯಾಗಿ ಬಾಳಿದನು. ಆತನ ಒಂದು ಗುಣವನ್ನು ನಾವು ಕಲಿಯಬೇಕು. ಆತನು ಪ್ರತಿಯೊಂದಕ್ಕೂ ಲೆಕ್ಕ ಬರೆದಿಟ್ಟನು. ಗುಡಿಸಲಿಗೆ ತಗಲಿದ್ದು 28 ಡಾಲರ್ 12½ ಸೆಂಟ್. ಎರಡೂವರೆ ಎಕ್ರೆಯಲ್ಲಿ ಮುಖ್ಯವಾಗಿ ಹುರುಳಿಕಾಯಿಯ ಜಾತಿಯ ಕಾಳು ಬೆಳೆದು ಮೊದಲ ವರ್ಷ ಉಳಿದದ್ದು 8 ಡಾಲರ್ 71½ ಸೆಂಟ್ ಮಾತ್ರ. ಉಳಿದ ಖರ್ಚಿಗೆ ಆತನು ಭೂಮಿ ಅಳೆಯುವುದು, ಬಡಗಿ ಕೆಲಸ, ದಿನಗೂಲಿ ಮಾಡಿದನು. ನೆಲವೂ ಆತನದಲ್ಲ, ಮಿತ್ರ ಎಮರ್ಸನ್ನನದು. ತವರೂರು ಕಾಂಕರ್ಡ್ ನಡೆದು ಹೋಗುವಷ್ಟು ಹತ್ತಿರವೇ ಇತ್ತು. ಅಂದಮೇಲೆ ಆ ಒಂಟಿಬಾಳಿಗೂ ಹತ್ತು ಜನರ ಆಸರೆ ಇತ್ತೆಂದಾಯಿತು.

ನಮಗೆ ಈ ಪಾಠ ಕಲಿಸಿದ್ದು 2020ನೆಯ ಇಸವಿ. ಆ ಮಾರ್ಚ್ ತಿಂಗಳಲ್ಲಿ ಕೊರೊನಾದಿಂದಾಗಿ ದೇಶವೆಲ್ಲ ಬಾಗಿಲು ಮುಚ್ಚಿತು. ತಲಪಾಡಿಯ ಗಡಿಯೂ ಮುಚ್ಚಿತು. ತರಕಾರಿಗೆ ಪೇಟೆಯನ್ನೇ ನಂಬಿದ್ದ ಮನೆಗಳಲ್ಲಿ ಕಳವಳ ಹುಟ್ಟಿತು. ಆಗ ಹಿತ್ತಿಲಿನ ಹಲಸು, ಬಸಳೆ, ನುಗ್ಗೆಸೊಪ್ಪು, ಕೆಸು ಮರಳಿ ಅಡಿಗೆಮನೆಗೆ ಬಂದವು. ಕೊಳೆತು ಬೀಳುತ್ತಿದ್ದ ಹಲಸಿನಕಾಯಿಗೆ ಬೆಲೆ ಬಂತು. ಹಿತ್ತಿಲು ಕೈಬಿಡಲಿಲ್ಲ. ಆದರೆ ಅದೇ ದಿನಗಳಲ್ಲಿ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ನಮ್ಮ ಕಡೆಯ ರೋಗಿಗಳು ಗಡಿ ದಾಟಲಾಗದೆ ಸಂಕಟಪಟ್ಟರು. ಜೀವ ಕಳೆದುಕೊಂಡವರ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಓದಿದೆವು. ಹಿತ್ತಿಲಿನಲ್ಲಿ ಬಸಳೆ ಬೆಳೆಯಬಹುದು. ಡಯಾಲಿಸಿಸ್ ಯಂತ್ರವನ್ನು ಬೆಳೆಯಲು ಬರುವುದಿಲ್ಲ.

ಬೇಲಿಯೊಳಗೆ ಎಷ್ಟು ಜಾಗ್ರತೆಯಿಂದಿದ್ದರೂ ಬೇಲಿಯ ಹೊರಗಿನದು ನಮ್ಮನ್ನು ತಟ್ಟುತ್ತದೆ. ಗುಡ್ಡೆಗಳ ಮೇಲಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕೆಳಗಿದ್ದ ಮನೆಯವರು ತಮ್ಮ ತೋಟಕ್ಕೆ ಹಟ್ಟಿಗೊಬ್ಬರವನ್ನೇ ಹಾಕುತ್ತಿದ್ದರೂ ಅವರ ಸುರಂಗದ ನೀರು ಬರುವುದು ಆ ಗುಡ್ಡೆಯಿಂದಲೇ ಅಲ್ಲವೇ? 2011ರಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಅದು ಒಬ್ಬೊಬ್ಬ ಮನೆಯವರ ಜಾಗ್ರತೆಯಿಂದ ಆದುದಲ್ಲ, ಜನ ಒಟ್ಟಾಗಿ ದನಿಯೆತ್ತಿದ್ದರಿಂದ ಆದುದು.

ಹಾಗಾದರೆ ಈ ಕನಸನ್ನು ಬಿಟ್ಟುಬಿಡಬೇಕೇ? ಬೇಡ. ಅದನ್ನು ನಮ್ಮ ಕೈಗೆಟಕುವಷ್ಟಕ್ಕೆ ಇಳಿಸಿಕೊಂಡರಾಯಿತು. ಎಕ್ರೆಗಟ್ಟಲೆ ಗದ್ದೆ ಎಲ್ಲರಿಗೂ ಇಲ್ಲ. ಆದರೆ ಒಂದೆರಡು ಸೆಂಟ್ಸ್ ಜಾಗದಲ್ಲಿ ಬಸಳೆ ಚಪ್ಪರ, ಅಲಸಂಡೆ, ಬೆಂಡೆ, ನಾಲ್ಕು ಬಾಳೆ, ಒಂದು ನುಗ್ಗೆ, ಒಂದು ಬೇವಿನ ಸೊಪ್ಪಿನ ಗಿಡ ಬೆಳೆಯಬಹುದು. ಬಚ್ಚಲಿನ ನೀರು ಬಾಳೆಯ ಬುಡಕ್ಕೆ ಹೋಗಲಿ. ಮಾಡಿನಿಂದ ಇಳಿಯುವ ಮಳೆನೀರು ಇಂಗುಗುಂಡಿಗೆ ಹೋಗಲಿ. ಒಂದು ಕಾಯಿಯನ್ನು ಬೀಜಕ್ಕೆ ಬಿಟ್ಟು, ಬೀಜವನ್ನು ಬೂದಿಯಲ್ಲಿ ಬೆರೆಸಿ ಇಟ್ಟುಕೊಳ್ಳಿ. ಹೆಚ್ಚಾದುದನ್ನು ನೆರೆಮನೆಗೆ ಕೊಡಿ.

ವಿದ್ಯಾರ್ಥಿಗಳೇ, ಈ ಮಳೆಗಾಲದಿಂದ ಒಂದು ಪುಸ್ತಕದಲ್ಲಿ ಲೆಕ್ಕ ಬರೆಯಿರಿ. ಒಂದು ಪುಟದಲ್ಲಿ ಹಿತ್ತಿಲಿನಿಂದ ಅಡಿಗೆಮನೆಗೆ ಬಂದುದು, ಎದುರಿನ ಪುಟದಲ್ಲಿ ಅಂಗಡಿಯಿಂದ ಬಂದುದು. ಕೆಳಗೆ ಇನ್ನೊಂದು ಸಾಲು ಇರಲಿ: ಆ ಕೆಲಸವನ್ನು ಮನೆಯಲ್ಲಿ ಯಾರು ಮಾಡಿದರು? ಎಲ್ಲಾ ದಿನವೂ ಅಮ್ಮನ ಹೆಸರೇ ಬಂದರೆ ಮರುದಿನ ನೀವೂ ಅಪ್ಪನೂ ಹಾರೆ ಹಿಡಿಯಿರಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಎಲ್ಲರಿಗೂ ಗೊತ್ತು. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಆಗದಂತೆ ನೋಡಿಕೊಂಡರೆ ಅದೇ ನಿಜವಾದ ಸ್ವಾವಲಂಬನೆ.