ಸಹಿ ಹಾಕಿದವರು, ಸಾಕಿದವರು

ಅಮೆರಿಕದ ಒಹಾಯೋ ರಾಜ್ಯದ ಆಗ್ನೇಯ ಮೂಲೆಯಲ್ಲಿ ಅಥೆನ್ಸ್ ಎಂಬ ಊರಿದೆ. ಹೆಸರು ದೊಡ್ಡದು, ಊರು ಪುಟ್ಟದು. ಒಹಾಯೋ ವಿಶ್ವವಿದ್ಯಾಲಯ ಇಲ್ಲದಿದ್ದರೆ ಇನ್ನೂ ಪುಟ್ಟದಾಗಿರುತ್ತಿತ್ತೇನೋ. ರಾಜಧಾನಿ ಕೊಲಂಬಸ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಇಟ್ಟಿಗೆ ಹಾಸಿದ ಬೀದಿಗಳು, ಕಾಫಿ ಅಂಗಡಿಗಳು, ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು. ಇದನ್ನೆಲ್ಲ ಬಿಟ್ಟು ಹಾಕಿಂಗ್ ನದಿಯ ಸೇತುವೆ ದಾಟಿ ಏರು ಹತ್ತಿದರೆ, ಮರಗಳ ಸಂದಿಯಲ್ಲಿ ಕೆಂಪು ಇಟ್ಟಿಗೆಯ ಎರಡು ಗೋಪುರ ಕಾಣುತ್ತವೆ. ಮೊದಲ ಬಾರಿ ನೋಡುವವರು ಅರಮನೆ ಎಂದುಕೊಂಡರೆ ತಪ್ಪಿಲ್ಲ. ಇದು ಹುಚ್ಚಾಸ್ಪತ್ರೆಯಾಗಿತ್ತು. 1874ರ ಜನವರಿಯಲ್ಲಿ ಬಾಗಿಲು ತೆರೆದು, 1993ರಲ್ಲಿ ಮುಚ್ಚಿತು. ಈಗ ಎಲ್ಲರ ಬಾಯಲ್ಲೂ ‘ದಿ ರಿಜಸ್’, ಒಡೆತನ ವಿಶ್ವವಿದ್ಯಾಲಯದ್ದು.

ವಿದ್ಯಾರ್ಥಿಗಳಿಗೆ ಈ ಗುಡ್ಡವೆಂದರೆ ದೆವ್ವ. ಯಾವ ಕಿಟಕಿಯಲ್ಲಿ ಯಾರು ಕಾಣುತ್ತಾರೆ ಎಂದು ಹೇಳಲು ಊರಿನಲ್ಲಿ ಯಾರೂ ಬೇಸರಿಸುವುದಿಲ್ಲ. ನಾನು ಹತ್ತಿದ್ದು ಬೇರೆ ಕಾರಣಕ್ಕೆ. 1950ರ ದಶಕದಲ್ಲಿ ವಾಲ್ಟರ್ ಫ್ರೀಮನ್ ಎಂಬ ವೈದ್ಯರು ಇಲ್ಲಿಗೆ ಮತ್ತೆ ಮತ್ತೆ ಬಂದು ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ಲೊಬಾಟಮಿ, ಅಂದರೆ ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆ, ಮಾಡಿದರು. ಆ ಇನ್ನೂರು ಮಂದಿಗೂ ಒಂದೊಂದು ಮನೆ ಇತ್ತಲ್ಲ, ಆ ಮನೆಗಳ ವಿಷಯ ಯಾವ ದೆವ್ವದ ಕಥೆಯಲ್ಲೂ ಬರುವುದಿಲ್ಲ.

ಕಟ್ಟಡದ ಎದುರು ನಿಂತು ಎಡಕ್ಕೂ ಬಲಕ್ಕೂ ನೋಡಬೇಕು. ನಡುವೆ ಆಡಳಿತದ ಭಾಗ. ಎರಡೂ ಕಡೆಗೆ ವಾರ್ಡುಗಳು ಒಂದರ ಹಿಂದೊಂದು ಸ್ವಲ್ಪ ಸ್ವಲ್ಪ ಸರಿದು ನಿಂತಿವೆ. ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ. ಥಾಮಸ್ ಕರ್ಕ್‌ಬ್ರೈಡ್ ಎಂಬ ವೈದ್ಯರ ನಕ್ಷೆ ಇದು. ಪ್ರತಿ ಕೋಣೆಗೂ ಗಾಳಿ ಬೆಳಕು ಬಂದರೆ ಅರ್ಧ ಕಾಯಿಲೆ ತಾನಾಗಿ ವಾಸಿಯಾಗುತ್ತದೆ ಎಂಬುದು ಅವರ ನಂಬಿಕೆ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಸಮಾಧಾನದಿಂದ ಇರುವವರು ನಡುಭಾಗಕ್ಕೆ ಹತ್ತಿರ. ಕಿರುಚುವವರು, ಹೊಡೆಯುವವರು, ಬಟ್ಟೆ ಹರಿದುಕೊಳ್ಳುವವರು ಕಟ್ಟಕಡೆಯ ವಾರ್ಡಿಗೆ. ಐದಾರು ನೂರು ಮಂದಿಗೆಂದು ಕಟ್ಟಿದ ಇದರಲ್ಲಿ 1950ರ ದಶಕಕ್ಕೆ ಸುಮಾರು 1,800 ಮಂದಿ ತುಂಬಿದ್ದರು. ಗಾಳಿ ಬೆಳಕಿನ ಮಾತು ಅಷ್ಟಕ್ಕೇ ನಿಂತಿತು.

ತುದಿಯ ವಾರ್ಡಿನ ಕೆಳಗೆ ನಿಂತರೆ ಕಿಟಕಿಯ ಗಾಜು ಚಿಕ್ಕ ಚಿಕ್ಕ ಚೌಕಗಳಾಗಿರುವುದು ಕಾಣುತ್ತದೆ. ಒಳಗೆ ಪ್ರವೇಶವಿಲ್ಲ. ಪ್ರವೇಶವಿರುವುದು ನಡುಭಾಗಕ್ಕೆ. ಅಲ್ಲೀಗ ಕೆನಡಿ ಕಲಾ ಮ್ಯೂಸಿಯಂ ಇದೆ. ನವಾಹೋ ಬುಡಕಟ್ಟಿನ ಹೆಂಗಸರು ಮಗ್ಗದಲ್ಲಿ ನೇಯ್ದ ಕಂಬಳಿಗಳೂ ಬೆಳ್ಳಿಯ ಒಡವೆಗಳೂ ಇಲ್ಲಿನ ಹೆಮ್ಮೆ. ಕಂಬಳಿ ನೋಡುತ್ತ ನಿಂತರೆ ಇದೇ ಬಾಗಿಲಲ್ಲಿ ಮಕ್ಕಳನ್ನು, ಹೆಂಡಿರನ್ನು ಒಪ್ಪಿಸಿ ಹೋದವರ ನೆನಪು ಬಾರದೆ ಇರುವುದಿಲ್ಲ.

ಈ ಕೆನಡಿ ಆ ಕೆನಡಿಯಲ್ಲ, ಇದು ಸಂಗ್ರಹ ದಾನ ಮಾಡಿದ ದಂಪತಿಯ ಮನೆತನದ ಹೆಸರು. ಆದರೂ ಲೊಬಾಟಮಿ ನಡೆದ ಜಾಗದಲ್ಲಿ ಈ ಹೆಸರು ಕಂಡಾಗ ಮನಸ್ಸು ಅಧ್ಯಕ್ಷ ಜಾನ್ ಎಫ್. ಕೆನಡಿಯವರ ತಂಗಿ ರೋಸ್‌ಮೇರಿಯ ಕಡೆಗೆ ಹೋಗಿಯೇ ಹೋಗುತ್ತದೆ. ಹುಟ್ಟಿದಾಗಿನಿಂದ ಕಲಿಕೆಯಲ್ಲಿ ಹಿಂದೆ. ಆದರೆ ದಿನಚರಿ ಬರೆಯುತ್ತಿದ್ದಳು, ಕುಣಿಯುತ್ತಿದ್ದಳು, 1938ರಲ್ಲಿ ಲಂಡನ್ನಿನ ಅರಮನೆಯಲ್ಲಿ ರಾಜ ರಾಣಿಯರಿಗೆ ವಂದಿಸಿ ಬಂದಿದ್ದಳು. ವಯಸ್ಸಿಗೆ ಬಂದ ಮೇಲೆ ಸಿಟ್ಟು ಹೆಚ್ಚಿತು, ರಾತ್ರಿ ಒಬ್ಬಳೇ ಹೊರಗೆ ಹೋಗತೊಡಗಿದಳು. ಮನೆತನದ ಮಾನದ ಪ್ರಶ್ನೆ. 1941ರ ನವೆಂಬರಿನಲ್ಲಿ, ಆಕೆಗೆ 23 ವರ್ಷ, ಅಪ್ಪ ಜೋಸೆಫ್ ಕೆನಡಿ ಫ್ರೀಮನ್ ಮತ್ತು ಶಸ್ತ್ರವೈದ್ಯ ಜೇಮ್ಸ್ ವಾಟ್ಸ್ ಕೈಗೆ ಮಗಳನ್ನು ಒಪ್ಪಿಸಿದರು. ತಾಯಿಗೆ ಮೊದಲು ಹೇಳಲಿಲ್ಲ. ವಾಟ್ಸ್ ಕೊಯ್ಯುತ್ತಿದ್ದಂತೆ ಆಕೆಯಿಂದ ಪ್ರಾರ್ಥನೆ ಹೇಳಿಸಿದರು, ಹಾಡಿಸಿದರು. ಮಾತು ತೊದಲತೊಡಗಿದಾಗ ನಿಲ್ಲಿಸಿದರು. ಎದ್ದ ಮೇಲೆ ನಡೆಯಲು ಬರಲಿಲ್ಲ, ಮಾತು ಹೊರಡಲಿಲ್ಲ. 1949ರಿಂದ ವಿಸ್ಕಾನ್ಸಿನ್‌ನ ಜೆಫರ್‌ಸನ್‌ನಲ್ಲಿ ಕ್ರೈಸ್ತ ಸನ್ಯಾಸಿನಿಯರ ಆರೈಕೆಯಲ್ಲಿದ್ದು 2005ರಲ್ಲಿ ತೀರಿಕೊಂಡಳು. ಒಡಹುಟ್ಟಿದವರಿಗೆ ಬಹುಕಾಲ ಆಕೆ ಎಲ್ಲಿದ್ದಾಳೆಂದೇ ಗೊತ್ತಿರಲಿಲ್ಲ. ಅಷ್ಟು ದುಡ್ಡಿದ್ದ ಮನೆಯಲ್ಲೇ ಹೀಗೆ.

ಅಥೆನ್ಸಿನವರು ಬಡವರು. ಕಲ್ಲಿದ್ದಲು ಗಣಿಯ ಸೀಮೆ ಇದು. ಇಲ್ಲಿಗೆ ಫ್ರೀಮನ್ ಬರುವ ಹೊತ್ತಿಗೆ ವಿಧಾನವೂ ಬದಲಾಗಿತ್ತು. ತಲೆಬುರುಡೆಗೆ ತೂತು ಕೊರೆಯುವ ಪದ್ಧತಿಯನ್ನು ಲಿಸ್ಬನ್ನಿನಲ್ಲಿ ಎಗಾಸ್ ಮೊನಿಜ್ 1935ರಲ್ಲಿ ಶುರುಮಾಡಿದ್ದರು. 1949ರಲ್ಲಿ ಅದಕ್ಕೆ ನೊಬೆಲ್ ಬಂತು. ಆದರೆ ಅದಕ್ಕೆ ಶಸ್ತ್ರವೈದ್ಯ ಬೇಕು, ಥಿಯೇಟರ್ ಬೇಕು, ಅರಿವಳಿಕೆ ಕೊಡುವವರು ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅವೆಲ್ಲ ಎಲ್ಲಿ? ಶಸ್ತ್ರವೈದ್ಯರೇ ಅಲ್ಲದ ಫ್ರೀಮನ್ ಹತ್ತು ನಿಮಿಷದ ಉಪಾಯ ಹುಡುಕಿದರು. 1946ರ ಜನವರಿಯಲ್ಲಿ ವಾಷಿಂಗ್ಟನ್ನಿನ ತಮ್ಮ ಕಚೇರಿಯಲ್ಲೇ ಮೊದಲು ಮಾಡಿದರು. ಕರೆಂಟ್ ಶಾಕ್ ಕೊಟ್ಟು ಪ್ರಜ್ಞೆ ತಪ್ಪಿಸುವುದು. ಮೇಲಿನ ರೆಪ್ಪೆ ಎತ್ತಿ, ಕಣ್ಣುಗುಡ್ಡೆಗೂ ಮೂಳೆಗೂ ನಡುವೆ ಐಸ್ ಒಡೆಯುವ ದಬ್ಬಳದಂಥ ಸಲಾಕೆ ತೂರಿಸುವುದು. ಅಲ್ಲಿ ಮೂಳೆ ತೆಳು. ಸಣ್ಣ ಸುತ್ತಿಗೆಯಲ್ಲಿ ಕುಟ್ಟಿದರೆ ಒಡೆಯುತ್ತದೆ. ಸಲಾಕೆ ಮೆದುಳಿನ ಮುಂಭಾಗಕ್ಕೆ ಇಳಿದ ಮೇಲೆ ಆ ಕಡೆ ಈ ಕಡೆ ಆಡಿಸಿ ನರತಂತುಗಳನ್ನು ಕತ್ತರಿಸುವುದು. ಆಮೇಲೆ ಇನ್ನೊಂದು ಕಣ್ಣು. ಹೊರಗೆ ಗಾಯವಿಲ್ಲ, ಎರಡು ಕಣ್ಣೂ ಕಪ್ಪಗೆ ಬಾತಿರುತ್ತವೆ ಅಷ್ಟೆ. ಜೊತೆಗಾರ ವಾಟ್ಸ್ ಇದನ್ನು ಒಪ್ಪದೆ ದೂರ ಸರಿದರು.

ಒಹಾಯೋ ನದಿಯ ಆಚೆ ದಡದ ವೆಸ್ಟ್ ವರ್ಜೀನಿಯಾದಲ್ಲಿ 1952ರ ಬೇಸಿಗೆಯ ಹನ್ನೆರಡು ದಿನಗಳಲ್ಲಿ ಫ್ರೀಮನ್ 228 ಮಂದಿಗೆ ಹೀಗೆ ಮಾಡಿದರು. ರೋಗಿ ಗಲಾಟೆ ನಿಲ್ಲಿಸಿದರೆ ಯಶಸ್ಸು, ಮಂಚ ಖಾಲಿ ಮಾಡಿ ಮನೆಗೆ ಹೋದರೆ ಇನ್ನೂ ದೊಡ್ಡ ಯಶಸ್ಸು. ನನ್ನ ತಕರಾರು ಇರುವುದು ಇಲ್ಲೇ. ಆಸ್ಪತ್ರೆಯ ಪುಸ್ತಕದಲ್ಲಿ ಅದು ‘ಬಿಡುಗಡೆ’. ಆ ದಿನದಿಂದ ಖರ್ಚು ಇನ್ನೊಬ್ಬರ ಲೆಕ್ಕಕ್ಕೆ ಬೀಳುತ್ತಿತ್ತು.

ಒಪ್ಪಿಗೆಯ ಸಹಿ ಸಾಮಾನ್ಯವಾಗಿ ಮನೆಯವರದೇ. ಗಂಡ ಹೆಂಡತಿಗೆ, ಅಪ್ಪ ಮಗನಿಗೆ. ಅವರನ್ನು ಕಟುಕರು ಎನ್ನಲು ನನಗೆ ಬಾಯಿ ಬರುವುದಿಲ್ಲ. ವರ್ಷಗಟ್ಟಲೆ ರಾತ್ರಿ ನಿದ್ದೆ ಕಾಣದವರು, ಔಷಧಿಯೇ ಇಲ್ಲದ ಕಾಲದಲ್ಲಿ, ನೊಬೆಲ್ ಬಂದ ಚಿಕಿತ್ಸೆ ಎಂದು ದೊಡ್ಡ ಡಾಕ್ಟರು ಹೇಳಿದಾಗ ಏನು ಮಾಡಬೇಕಿತ್ತು? ಕೆಲವರಿಗೆ ಉಪಯೋಗವೂ ಆಯಿತು, ಕೆಲಸಕ್ಕೆ ಮರಳಿದವರಿದ್ದಾರೆ. ಆದರೆ ಎಷ್ಟೋ ಮನೆಗೆ ಮರಳಿದ್ದು ಬೇರೆಯೇ ವ್ಯಕ್ತಿ. ಬಡಿಸಿದಷ್ಟೂ ಉಣ್ಣುವ, ಎಬ್ಬಿಸದಿದ್ದರೆ ಏಳದ, ಸತ್ತ ಸುದ್ದಿಗೂ ಹಬ್ಬದ ಸುದ್ದಿಗೂ ಒಂದೇ ಮುಖ ಮಾಡುವ ವ್ಯಕ್ತಿ. ಶಸ್ತ್ರಕ್ರಿಯೆಯಿಂದ ಬಂದ ಬಾಲ್ಯ ಎಂದು ಫ್ರೀಮನ್ ಅದಕ್ಕೆ ಹೆಸರಿಟ್ಟಿದ್ದರು. ಬಾಲ್ಯವಾದರೆ ಕಳೆಯುತ್ತದೆ. ನಲವತ್ತರ ಗಂಡನನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವ ಹೆಂಡತಿಗೆ ಇದು ಕಳೆಯುವಂಥದ್ದಾಗಿರಲಿಲ್ಲ.

ಮನೆಯವರ ಸಹಿ ಎಷ್ಟು ಸಲೀಸಾಗಿ ಬೀಳಬಹುದು ಎಂಬುದಕ್ಕೆ ಹೋವರ್ಡ್ ಡಲ್ಲಿ ಸಾಕ್ಷಿ. ಕ್ಯಾಲಿಫೋರ್ನಿಯಾದ ಹುಡುಗ. ಮಲತಾಯಿ ಫ್ರೀಮನ್ ಬಳಿ ಹೇಳಿಕೊಂಡ ದೂರುಗಳು ವೈದ್ಯರ ಟಿಪ್ಪಣಿಯಲ್ಲಿ ಉಳಿದಿವೆ: ಮಲಗು ಎಂದರೆ ಮಲಗುವುದಿಲ್ಲ, ಹಗಲುಗನಸು ಕಾಣುತ್ತಾನೆ, ಹೊರಗೆ ಬಿಸಿಲಿದ್ದರೂ ಕೋಣೆಯ ದೀಪ ಹಾಕುತ್ತಾನೆ. ಯಾವ ಮನೆಯ ಹುಡುಗ ಹಾಕುವುದಿಲ್ಲ! 1960ರ ಡಿಸೆಂಬರಿನಲ್ಲಿ, ಹನ್ನೆರಡನೆಯ ವಯಸ್ಸಿಗೆ, ಸಲಾಕೆ ಇಳಿಯಿತು. ಶುಲ್ಕ 200 ಡಾಲರ್. ಆಮೇಲೂ ಅವನನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಆಸ್ಪತ್ರೆ, ಜೈಲು, ಬೀದಿ ಎಲ್ಲ ಕಂಡ. ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ, ಬಸ್ ಚಾಲಕನಾಗಿದ್ದ ಡಲ್ಲಿ ತನ್ನ ಕಡತ ಹುಡುಕಿ ಓದಿದರು. ಅಪ್ಪನ ಎದುರು ಕೂತು ಯಾಕೆ ಒಪ್ಪಿದೆ ಎಂದೂ ಕೇಳಿದರು. 2005ರಲ್ಲಿ ಅದು ರೇಡಿಯೋದಲ್ಲಿ ಬಂತು. ಅಪ್ಪ ಫ್ರೀಮನ್ ಅವರನ್ನು ಕಂಡಿದ್ದು ಒಂದೇ ಸಲವಂತೆ.

ಇದೆಲ್ಲ ಅಮೆರಿಕದವರ ಹುಚ್ಚಾಟ ಎನ್ನುವ ಹಾಗೂ ಇಲ್ಲ. ನಮ್ಮ ಬೆಂಗಳೂರಿನಲ್ಲೇ, ಇಂದಿನ ನಿಮ್ಹಾನ್ಸ್‌ನ ಪೂರ್ವಜನಾದ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಲ್ಲಿ, 1940ರ ದಶಕದ ಮೊದಲ ವರ್ಷಗಳಲ್ಲೇ ಈ ಶಸ್ತ್ರಕ್ರಿಯೆ ನಡೆದಿತ್ತು. ಡಾ. ಎಂ.ವಿ. ಗೋವಿಂದಸ್ವಾಮಿ ಮತ್ತು ಡಾ. ಬಿ.ಎನ್. ಬಾಲಕೃಷ್ಣರಾವ್ ತಮ್ಮ ರೋಗಿಗಳ ವಿವರವನ್ನು 1944ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಬುರುಡೆ ಕೊರೆಯುವ ಹಳೆಯ ಪದ್ಧತಿ. ಲೊಬಾಟಮಿ ನಿಂತಿದ್ದರ ಹಿಂದೆಯೂ ನಮ್ಮ ಕಡೆಯದೊಂದು ಬೇರಿದೆ: 1954ರ ಸುಮಾರಿಗೆ ಅಮೆರಿಕದ ಆಸ್ಪತ್ರೆಗಳಿಗೆ ಕ್ಲೋರ್‌ಪ್ರೊಮಜಿನ್ ಮಾತ್ರೆಯ ಜೊತೆಗೆ ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಕೂಡ ಬಂತು. ಮಾತ್ರೆಯಲ್ಲೇ ಗಲಾಟೆ ನಿಲ್ಲುವಾಗ ಸುತ್ತಿಗೆ ಯಾಕೆ? ಫ್ರೀಮನ್ ಮಾತ್ರ ಬಿಡಲಿಲ್ಲ. 1967ರಲ್ಲಿ ಒಬ್ಬ ಮಹಿಳೆ ಮೂರನೆಯ ಬಾರಿಯ ಲೊಬಾಟಮಿಯಲ್ಲಿ ಮೆದುಳಿನ ರಕ್ತಸ್ರಾವದಿಂದ ಸತ್ತ ಮೇಲೆ ಅವರ ಕೈ ನಿಂತಿತು.

ಮ್ಯೂಸಿಯಂನಿಂದ ಹೊರಬಿದ್ದು ಗುಡ್ಡದ ಹಾದಿ ಹಿಡಿದರೆ ಆಸ್ಪತ್ರೆಯ ಸ್ಮಶಾನಗಳು. 1,900ಕ್ಕೂ ಹೆಚ್ಚು ಮಂದಿ ಇಲ್ಲಿದ್ದಾರೆ. ಹೆಣ ಕೇಳಿಕೊಂಡು ಯಾರೂ ಬಾರದವರು. ಮೊಣಕಾಲೆತ್ತರವೂ ಇಲ್ಲದ ಬಿಳಿ ಕಲ್ಲುಗಳ ಮೇಲೆ ಬರೀ ಸಂಖ್ಯೆ. ಕೆಲವಕ್ಕೆ ಪಾಚಿ ಹಿಡಿದು ಅದೂ ಮಾಸಿದೆ. ಬೆರಳಾಡಿಸಿದರಷ್ಟೆ ಅಂಕಿ ಸಿಗುತ್ತದೆ. 1943ರಿಂದ ಈಚಿನ ಕಲ್ಲುಗಳಲ್ಲಿ ಹೆಸರಿದೆ. ಫ್ರೀಮನ್ ಬಂದದ್ದು ಆಮೇಲೆ. ಎಂದರೆ ಅವರ ರೋಗಿಗಳು ಯಾರಾದರೂ ಇಲ್ಲಿ ಮಲಗಿದ್ದರೆ ಹೆಸರಿನ ಸಮೇತ ಮಲಗಿದ್ದಾರೆ. ಯಾರು ಅಂಥವರು ಎಂದು ಕಲ್ಲು ಹೇಳುವುದಿಲ್ಲ. ಅಲ್ಲೊಂದು ಇಲ್ಲೊಂದು ಕಡೆ ಹಳೆಯ ಸಂಖ್ಯೆಯ ಪಕ್ಕದಲ್ಲಿ ಹೊಸ ಕಲ್ಲು ನೆಟ್ಟಿದ್ದಾರೆ, ಹೆಸರು ಇಸವಿ ಎಲ್ಲ ಕೆತ್ತಿಸಿ. ಮೂರನೆಯ ತಲೆಮಾರಿನವರು ಹುಡುಕಿಕೊಂಡು ಬಂದು ಮಾಡಿಸಿದ್ದು.

ನಾರ್ವೆ ದೇಶ 1996ರಲ್ಲಿ ಬದುಕುಳಿದಿದ್ದ ತನ್ನ ಲೊಬಾಟಮಿ ರೋಗಿಗಳಿಗೆ ಪರಿಹಾರ ಕೊಡಲು ಕಾನೂನು ಮಾಡಿತು. ಹತ್ತಾರು ಸಾವಿರ ಜನರಿಗೆ ಇದನ್ನು ಮಾಡಿದ ಅಮೆರಿಕ ಅಂಥದ್ದಕ್ಕೆ ಕೈಹಾಕಲಿಲ್ಲ.

ಹೋಗಬೇಕೆನ್ನುವವರಿಗೆ: ಮ್ಯೂಸಿಯಂಗೆ ಟಿಕೆಟ್ ಇಲ್ಲ. ಸ್ಮಶಾನದ ಹಾದಿ ಏರಿಳಿತದ್ದು, ಮಳೆ ಬಂದರೆ ಜಾರುತ್ತದೆ; ಒಳ್ಳೆಯ ಶೂ ಇರಲಿ. ಓದುವ ಆಸಕ್ತಿ ಇದ್ದರೆ ಕೆಳಗೆ ವಿಶ್ವವಿದ್ಯಾಲಯದ ಆಲ್ಡನ್ ಲೈಬ್ರರಿಗೆ ಹೋಗಿ. ಅಲ್ಲಿನ ದಾಖಲೆ ವಿಭಾಗದಲ್ಲಿ ಆಸ್ಪತ್ರೆಯ ಹಳೆಯ ಕಾಗದಪತ್ರಗಳಿವೆ.