ಹುಣ್ಣಿಮೆಯ ರಾತ್ರಿ ಕಡಲ ದಡದಲ್ಲಿ ಬಿಡಾರ

ಸಂಸಾರಸಮೇತರಾಗಿ ಊರೂರು ಅಲೆಯುವ ಆಸೆ ನಮ್ಮ ನಾಡಿಗೆ ಹೊಸದಲ್ಲ. ಎತ್ತಿನ ಗಾಡಿಗೆ ಕಮಾನು ಕಟ್ಟಿ, ಅಕ್ಕಿ ಬೇಳೆ ಪಾತ್ರೆಗಳನ್ನು ಹೇರಿಕೊಂಡು ಜಾತ್ರೆಗೆ ಹೊರಟು, ಕತ್ತಲಾದಲ್ಲಿ ಒಲೆ ಹೂಡಿ ಗಾಡಿಯ ಅಡಿಯಲ್ಲಿಯೇ ಮಲಗುತ್ತಿದ್ದ ನಮ್ಮ ಹಿರಿಯರು ಆ ಸುಖವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅದೇ ಗಾಡಿಗೆ ಎಂಜಿನು ಬಂದಾಗ ಅದು ಕ್ಯಾಂಪರ್ ವ್ಯಾನ್ ಎನಿಸಿಕೊಂಡಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯು 1950ರಲ್ಲಿ ತನ್ನ ಪ್ರಸಿದ್ಧ ವ್ಯಾನನ್ನು ತಯಾರಿಸತೊಡಗಿದ ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯು ಅದರೊಳಗೆ ಹಾಸಿಗೆ, ಕಪಾಟುಗಳನ್ನು ಜೋಡಿಸಿಕೊಡಲು ಆರಂಭಿಸಿತು. ಇಂದು ಇಂತಹ ಮನೆಗಾಡಿಗಳು ನಮ್ಮ ದೇಶದ ಹೆದ್ದಾರಿಗಳಲ್ಲಿಯೂ ಕಾಣಸಿಗುತ್ತವೆ. ಅವುಗಳಲ್ಲಿ ಹೊರಟವರಿಗೆ ಎಲ್ಲಕ್ಕಿಂತ ಪ್ರಿಯವಾದ ತಂಗುದಾಣವೆಂದರೆ ಜನರಿಲ್ಲದ ಕಡಲತೀರ. ಆದರೆ ಆ ತೀರವು ಒಂದೆಡೆ ನಿಲ್ಲುವಂಥದಲ್ಲ ಎಂಬ ಪಾಠವನ್ನು ನಾವು ಒಂದು ರಾತ್ರಿ ಸ್ವಲ್ಪ ದುಬಾರಿಯಾಗಿಯೇ ಕಲಿಯಬೇಕಾಯಿತು.

2023ರ ಡಿಸೆಂಬರ್ 26ರಂದು ಸ್ನೇಹಿತರೊಬ್ಬರ ವ್ಯಾನಿನಲ್ಲಿ ನಾವು, ನಮ್ಮ ಪತ್ನಿ, ಹತ್ತು ವರ್ಷದ ಮಗ ಮತ್ತು ಆರು ವರ್ಷದ ಮಗಳು ಹುಬ್ಬಳ್ಳಿಯಿಂದ ಹೊರಟು, ಅರಬೈಲು ಘಟ್ಟವನ್ನಿಳಿದು, ಸಂಜೆ ಐದೂವರೆಯ ವೇಳೆಗೆ ಅಂಕೋಲೆಯ ದಕ್ಷಿಣಕ್ಕಿರುವ ಒಂದು ಚಿಕ್ಕ ಮೀನುಗಾರರ ಹಳ್ಳಿಯನ್ನು ಸೇರಿದೆವು. ಹಳ್ಳಿಯ ಹಿರಿಯರೊಬ್ಬರನ್ನು ಕಂಡು, ರಾತ್ರಿ ತಂಗಲು ಒಪ್ಪಿಗೆ ಪಡೆದುಕೊಂಡೆವು. ಗಾಳಿಮರಗಳ ಸಾಲಿನಾಚೆ ಕಣ್ಣುಹಾಯುವಷ್ಟು ದೂರ ಅಗಲವಾದ ತೀರ. ಒಣ ಮರಳಿನ ಕೆಳಗೆ ಸಿಮೆಂಟಿನ ನೆಲದಂತೆ ಗಟ್ಟಿಯಾದ ತೇವದ ಮರಳು. ಮರಗಳ ಅಡಿಯಲ್ಲಿ ನಿಲ್ಲದೆ ನಾವು ವ್ಯಾನನ್ನು ಆ ಗಟ್ಟಿ ಮರಳಿಗೇ ಇಳಿಸಿದೆವು. ನೀರು ಅಲ್ಲಿಂದ ಮೂವತ್ತೈದು ಮೀಟರುಗಳಷ್ಟು ದೂರದಲ್ಲಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದ ಘಟ್ಟಗಳ ಮೇಲೆ ತುಂಬುಚಂದ್ರನು ಕಾಣಿಸಿಕೊಂಡನು. ಒಂದು ಗಂಟೆ ಕಳೆದರೂ ನೀರು ಹೆಚ್ಚೇನೂ ಮುಂದೆ ಬಂದಂತೆ ತೋರಲಿಲ್ಲ. ಚಿತ್ರಾನ್ನದ ಊಟವಾಯಿತು, ಮಗಳು ವ್ಯಾನಿನ ಪಕ್ಕದ ಚಾಪೆಯ ಮೇಲೆಯೇ ನಿದ್ರೆ ಹೋದಳು.

ಏಳೂಮುಕ್ಕಾಲರ ಸುಮಾರಿಗೆ ತೆಳುವಾದ ನೀರಿನ ಹಾಳೆಯೊಂದು ಸದ್ದಿಲ್ಲದೆ ಬಂದು ಆ ಚಾಪೆಯ ಅಂಚನ್ನು ತೋಯಿಸಿತು. ಮಗುವನ್ನೆತ್ತಿ ಒಳಗೆ ಮಲಗಿಸಿ ಎಂಜಿನನ್ನು ಚಾಲೂ ಮಾಡುವಷ್ಟರಲ್ಲಿ ಎರಡನೆಯ ಅಲೆ ಚಕ್ರಗಳ ಸುತ್ತ ಹರಿಯಿತು. ನಾವು ಗಾಬರಿಯಲ್ಲಿ ವೇಗವರ್ಧಕವನ್ನು ಒತ್ತಿದಷ್ಟೂ ಹಿಂದಿನ ಚಕ್ರಗಳು ನಿಂತಲ್ಲಿಯೇ ತಿರುಗಿ ಅರ್ಧದವರೆಗೆ ಹೂತುಹೋದವು. ಪತ್ನಿಯು ಮಕ್ಕಳಿಬ್ಬರನ್ನೂ ಕರೆದುಕೊಂಡು ಮರಗಳತ್ತ ನಡೆದರು. ಮಗನ ಕೂಗನ್ನು ಕೇಳಿ ಹಳ್ಳಿಯಿಂದ ಏಳೆಂಟು ಮಂದಿ ಓಡಿಬಂದರು. ಅವರ ಮುಂದೆ ಸಂಜೆ ಕಂಡ ಅದೇ ಅಜ್ಜ.

"ಮಾಸ್ತರೇ, ಇವತ್ತು ಹುಣ್ಣಿಮೆ ಅಲ್ಲವೋ? ನೀವು ಮರದ ಬುಡದಲ್ಲಿ ನಿಲ್ತೀರಿ ಅಂತ ನಾನು ತಿಳಿದೆ. ಹನ್ನೊಂದೂಕಾಲಕ್ಕೆ ನೀರು ಆ ಬಳ್ಳಿಯ ಹತ್ತಿರ ಬರ್ತದೆ. ಗಾಡಿ ಈಗ ಹೊರಟರೆ ನಿಮ್ಮದು, ಇಲ್ಲಾಂದ್ರೆ ಕಡಲಿನದು" ಎಂದರು ಅವರು.

ಒಬ್ಬನು ಟೈರುಗಳ ಗಾಳಿಯನ್ನು ಅರ್ಧದಷ್ಟು ಬಿಟ್ಟನು. ಇಬ್ಬರು ಚಕ್ರಗಳ ಮುಂದಿನ ಮರಳನ್ನು ಕೈಯಿಂದ ತೋಡಿ ತೆಂಗಿನ ಗರಿಗಳನ್ನೂ ದೋಣಿಯ ಹಲಗೆಗಳನ್ನೂ ಹಾಸಿದರು. ಉಳಿದವರು ಹಿಂದಿನಿಂದ ಹೆಗಲು ಕೊಟ್ಟರು. ನೀರು ಮೊಣಕಾಲಿಗೆ ಬರುವ ಮೊದಲೇ ವ್ಯಾನು ಮೆಲ್ಲಗೆ ಮೇಲೇರಿ ಗಾಳಿಮರಗಳ ನಡುವೆ ಬಂದು ನಿಂತಿತು. ಹನ್ನೊಂದು ಗಂಟೆಯ ಮೇಲೆ ನೋಡಿದರೆ, ಅಜ್ಜ ತೋರಿಸಿದ್ದ ನೇರಳೆ ಹೂವಿನ ಬಳ್ಳಿಯ ಸಮೀಪಕ್ಕೆ ನೊರೆ ಬಂದು ಮುಟ್ಟಿತ್ತು. ನಮ್ಮ ಬಿಡಾರವಿದ್ದ ಜಾಗದಲ್ಲಿ ಆಗ ಎದೆಮಟ್ಟದ ನೀರು.

ಗಳಿಗೆ ತಪ್ಪದಂತೆ ಹೇಗೆ ಹೇಳಿದಿರಿ ಎಂದು ನಾವು ಕೇಳಿದೆವು. ಅಜ್ಜನ ಬಳಿ ಇದ್ದುದು ಒಂದೇ ಸೂತ್ರ: ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಉಬ್ಬರದ ಗಂಟೆ ಸಿಗುತ್ತದೆ. ಹುಣ್ಣಿಮೆ ಹದಿನೈದನೆಯ ತಿಥಿ; ಅದರ ಮುಕ್ಕಾಲು ಹನ್ನೊಂದೂಕಾಲು. ಅಷ್ಟಮಿಗೆ ಎಂಟರ ಮುಕ್ಕಾಲು ಆರು ಗಂಟೆ. ಕೊಂಕಣ ತೀರದ ಮೀನುಗಾರರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕವಿದು. ಉಬ್ಬರವಿಳಿತದ ಸಮೀಕರಣವನ್ನು ತರಗತಿಯ ಕಪ್ಪು ಹಲಗೆಯ ಮೇಲೆ ಹಲವು ಬಾರಿ ಬರೆದಿದ್ದ ನಾವು ಅಂದಿನ ತಿಥಿ ಯಾವುದೆಂದು ಒಮ್ಮೆಯೂ ಯೋಚಿಸಿರಲಿಲ್ಲ!

ಅಜ್ಜನ ಲೆಕ್ಕ ಏಕೆ ಸರಿಬರುತ್ತದೆಂಬುದನ್ನು ಈಗ ವಿಚಾರಿಸೋಣ. ಉಬ್ಬರಕ್ಕೆ ಕಾರಣ ಗುರುತ್ವಾಕರ್ಷಣೆಯೆಂದು ಮೊದಲು ತೃಪ್ತಿಕರವಾಗಿ ವಿವರಿಸಿದವನು ನ್ಯೂಟನ್. 1687ರ ತನ್ನ ಪ್ರಿನ್ಸಿಪಿಯಾ ಗ್ರಂಥದಲ್ಲಿ. ಚಂದ್ರನಿಗೆ ಎದುರಾಗಿರುವ ಬದಿಯ ನೀರನ್ನು ಚಂದ್ರನು ಭೂಕೇಂದ್ರಕ್ಕಿಂತ ಹೆಚ್ಚು ಬಲದಿಂದಲೂ, ಆಚೆ ಬದಿಯ ನೀರನ್ನು ಕಡಿಮೆ ಬಲದಿಂದಲೂ ಸೆಳೆಯುತ್ತಾನೆ. ಆದುದರಿಂದ ಉಬ್ಬು ಎರಡೂ ಬದಿಗಳಲ್ಲಿ ಏಳುತ್ತದೆ. ದಿನಕ್ಕೆ ಎರಡು ಉಬ್ಬರಗಳು ಬರುವುದು ಇದರಿಂದಲೇ. ಇಲ್ಲಿ ಮುಖ್ಯವಾದುದು ಸೆಳೆತವಲ್ಲ, ಸೆಳೆತಗಳ ವ್ಯತ್ಯಾಸ. ಅದು ದೂರದ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ. ಸೂರ್ಯನ ದ್ರವ್ಯರಾಶಿ ಚಂದ್ರನದರ ಸುಮಾರು 2 ಕೋಟಿ 70 ಲಕ್ಷ ಪಟ್ಟು. ದೂರ ಸುಮಾರು 390 ಪಟ್ಟು. 390ರ ಘನವು ಸುಮಾರು 6 ಕೋಟಿ. ಭಾಗಿಸಿ ನೋಡಿದರೆ ಸೂರ್ಯನ ಪ್ರಭಾವ ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆಯೆಂದು ತಿಳಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮೂವರೂ ಒಂದೇ ಸಾಲಿನಲ್ಲಿರುವುದರಿಂದ ಈ ಎರಡು ಪ್ರಭಾವಗಳು ಕೂಡುತ್ತವೆ. ಅಷ್ಟಮಿಯ ಸುಮಾರಿಗೆ ಕಳೆಯುತ್ತವೆ. ಅತಿ ದೊಡ್ಡ ಉಬ್ಬರವು ಬಹುಮಟ್ಟಿಗೆ ಹುಣ್ಣಿಮೆ ಅಮಾವಾಸ್ಯೆಗಳಾದ ಒಂದೆರಡು ದಿನಗಳ ಮೇಲೆ ಬರುತ್ತದೆ.

ಇನ್ನು ಮುಕ್ಕಾಲು. ಒಂದು ತಿಥಿಯೆಂದರೆ ಚಂದ್ರನು ಸೂರ್ಯನಿಂದ 12 ಡಿಗ್ರಿ ದೂರ ಸರಿಯುವ ಕಾಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಈ 12 ಡಿಗ್ರಿಗಳಿಗೆ ಬೇಕಾದ ಹೆಚ್ಚಿನ ಕಾಲ 12ನ್ನು 15ರಿಂದ ಭಾಗಿಸಿದಷ್ಟು, ಅಂದರೆ 48 ನಿಮಿಷ. ಅಜ್ಜನ ಮುಕ್ಕಾಲು ಗಂಟೆ 45 ನಿಮಿಷ! ಈ ಸಣ್ಣ ವ್ಯತ್ಯಾಸಗಳು ಕೂಡಿ ಕೆಲವು ದಿನ ಅರ್ಧ ಮುಕ್ಕಾಲು ಗಂಟೆ ಹಿಂದು ಮುಂದಾಗಬಹುದು. ಬಾಯಿಲೆಕ್ಕಕ್ಕೆ ಅಷ್ಟು ಸಾಕು. ಆದರೆ ನೆಲದ ಆಕಾರ, ಕಡಲಿನ ಆಳಗಳಿಗನುಸಾರವಾಗಿ ಉಬ್ಬರದ ವೇಳೆಯೂ ಎತ್ತರವೂ ಬೇರೆಬೇರೆ. ನಮ್ಮ ತೀರದಲ್ಲಿ ನೀರು ಏರುವುದು ಒಂದೂವರೆ ಎರಡು ಮೀಟರಾದರೆ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರನ್ನೂ ಮೀರಬಹುದು. ಪೂರ್ವ ತೀರದಲ್ಲಿ ಈ ಸೂತ್ರವನ್ನು ನಂಬಿದವರು ಮೋಸಹೋಗುತ್ತಾರೆ. ಅಂಥವರಿಗೆ ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರದ ಪಟ್ಟಿಗಳಿವೆ.

ಇದರಿಂದ ನಮ್ಮ ತೀರದ ಒಂದು ವಿಶೇಷ ಅಪಾಯ ಸ್ಪಷ್ಟವಾಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಂದು ಉಬ್ಬರವು ನಡುರಾತ್ರಿಯ ಸಮೀಪಕ್ಕೆ ಬರುವುದಾದರೆ ಇಳಿತವು ಅದಕ್ಕೆ ಆರು ಗಂಟೆ ಮೊದಲು, ಎಂದರೆ ಪ್ರವಾಸಿಗನು ಬಿಡಾರ ಹೂಡಲು ಸ್ಥಳ ಹುಡುಕುವ ಸಂಜೆಯ ಹೊತ್ತಿಗೇ ಬೀಳುತ್ತದೆ. ತೀರವು ಅತಿ ವಿಶಾಲವಾಗಿ ಕಾಣುವ ಸಂಜೆಯೇ ಅತಿ ಇಕ್ಕಟ್ಟಾಗುವ ರಾತ್ರಿಯ ಮುನ್ಸೂಚನೆ. ಜೊತೆಗೆ ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಆರು ಗಂಟೆಗಳಲ್ಲಿ ಅದು ಕ್ರಮವಾಗಿ 1, 2, 3, 3, 2, 1 ಪಾಲುಗಳಷ್ಟು ಏರುತ್ತದೆಂದು ನಾವಿಕರ ಲೆಕ್ಕ. ಏರಿಕೆ 1.8 ಮೀಟರ್, ತೀರದ ಇಳಿಜಾರು ಐವತ್ತಕ್ಕೆ ಒಂದು ಎಂದುಕೊಂಡರೆ ನೀರು ಮೊದಲ ಗಂಟೆಯಲ್ಲಿ ಏಳೂವರೆ ಮೀಟರ್, ಎರಡನೆಯದರಲ್ಲಿ ಹದಿನೈದು, ಮೂರನೆಯದರಲ್ಲಿ ಇಪ್ಪತ್ತೆರಡೂವರೆ ಮೀಟರ್ ಮುಂದೆ ಬರುತ್ತದೆ. ಮೊದಲ ಗಂಟೆಯ ನಿಧಾನವನ್ನು ನಂಬಿ ನಾವು ಊಟಕ್ಕೆ ಕುಳಿತೆವು; ಮೂರನೆಯ ಗಂಟೆ ನಮ್ಮ ಚಾಪೆಯನ್ನು ತೋಯಿಸಿತು.

ಸಂಜೆ ಅಷ್ಟು ಗಟ್ಟಿಯಾಗಿದ್ದ ಮರಳು ರಾತ್ರಿ ಕೈಕೊಟ್ಟುದೇಕೆ? ತೇವದ ಮರಳಿನಲ್ಲಿ ಕಣಕಣಗಳ ನಡುವೆ ನೀರಿನ ತೆಳುಪೊರೆಗಳಿರುತ್ತವೆ. ಅವುಗಳ ಮೇಲ್ಮೈ ಎಳೆತವು ಕಣಗಳನ್ನು ಒಂದಕ್ಕೊಂದು ಬಿಗಿದಿಡುತ್ತದೆ. ಅಂಥ ಮರಳಿನ ಮೇಲೆ ಹೆಜ್ಜೆಯಿಟ್ಟಾಗ ಪಾದದ ಸುತ್ತಲಿನ ಮರಳು ಕ್ಷಣಕಾಲ ಒಣಗಿದಂತೆ ಬೆಳ್ಳಗಾಗುವುದನ್ನು ವಾಚಕರು ಗಮನಿಸಿರಬಹುದು. ಒತ್ತಿಕೊಂಡಿದ್ದ ಕಣಗಳು ಸರಿದಾಡಿ ನಡುವಿನ ಜಾಗ ಹಿಗ್ಗುವುದೇ ಅದಕ್ಕೆ ಕಾರಣವೆಂದು ಆಸ್‌ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ 1885ರಲ್ಲಿ ವಿವರಿಸಿದನು. ಆದರೆ ಎಲ್ಲ ಸಂದುಗಳಲ್ಲಿಯೂ ನೀರು ತುಂಬಿದರೆ ಪೊರೆಗಳೂ ಇಲ್ಲ, ಬಿಗಿತವೂ ಇಲ್ಲ. ತಿರುಗುವ ಚಕ್ರವು ಅದನ್ನು ಕಲಕಿದಾಗ ಭಾರವನ್ನು ಕಣಗಳಿಗೆ ಬದಲು ನೀರೇ ಹೊರಬೇಕಾಗುತ್ತದೆ, ಚಕ್ರ ಮುಳುಗುತ್ತದೆ.

ಟೈರಿನ ಗಾಳಿ ಬಿಟ್ಟುದರ ಗುಟ್ಟು ಸರಳವಾದ ಭಾಗಾಕಾರ. ಸಾಮಾನುಗಳೊಡನೆ ವ್ಯಾನಿನ ತೂಕ 2,000 ಕಿಲೋಗ್ರಾಂ ಎಂದರೆ ಚಕ್ರವೊಂದಕ್ಕೆ 500. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2.5 ಕಿಲೋಗ್ರಾಂ ಇದ್ದರೆ ಟೈರು ನೆಲವನ್ನು ಮುಟ್ಟುವುದು ಸುಮಾರು 200 ಚದರ ಸೆಂಟಿಮೀಟರಿನಲ್ಲಿ. ಒತ್ತಡವನ್ನು ಅರ್ಧಕ್ಕಿಳಿಸಿದರೆ ಟೈರು ಚಪ್ಪಟೆಯಾಗಿ 400 ಚದರ ಸೆಂಟಿಮೀಟರಿನ ಮೇಲೆ ನಿಲ್ಲುತ್ತದೆ. ಮರಳಿನ ಮೇಲಿನ ಒತ್ತಡ ಅರ್ಧವಾಗುತ್ತದೆ. ಡಾಂಬರು ರಸ್ತೆಗೆ ಮರಳುವ ಮುನ್ನ ಮತ್ತೆ ಗಾಳಿ ತುಂಬಿಸಲೇಬೇಕೆಂಬುದನ್ನು ಮರೆಯಲಾಗದು.

ಆದರೆ ಈ ವಿದ್ಯೆಯ ಬಲದಿಂದ ಯಾರೂ ತೀರಕ್ಕೆ ವಾಹನವನ್ನು ಇಳಿಸದಿರಲಿ. ಅನೇಕ ಕಡೆ ಅದಕ್ಕೆ ನಿಷೇಧವೂ ಇದೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ನಮ್ಮ ಉತ್ತರ ಕನ್ನಡದ ತೀರಕ್ಕೂ ಬಂದು ಮರಳನ್ನು ತೋಡಿ ಮೊಟ್ಟೆಯಿಡುತ್ತವೆ. ಸುಮಾರು ಐವತ್ತು ದಿನ ಅಲ್ಲಿ ಅಡಗಿರುವ ಮೊಟ್ಟೆಗಳಿಗೆ ನಮ್ಮ ಚಕ್ರಗಳೇ ಯಮದೂತರು; ನಮ್ಮ ದೀಪಗಳು ಮರಿಗಳಿಗೆ ಕಡಲಿನ ದಾರಿ ತಪ್ಪಿಸುತ್ತವೆ. ಬಿಡಾರಕ್ಕೆ ಸರಿಯಾದ ಸ್ಥಳ ಮರಗಳ ಹಿಂದಿನ ಗಟ್ಟಿ ನೆಲ. ಕಡಲು ತನ್ನ ಗಡಿಯನ್ನು ತಾನೇ ಬರೆದಿಟ್ಟಿರುತ್ತದೆ: ಕಸಕಡ್ಡಿ, ಚಿಪ್ಪುಗಳ ಗೆರೆ ಹಿಂದಿನ ಉಬ್ಬರದ ಗುರುತು, ಮರಳಿನ ಮೇಲೆ ಹಬ್ಬಿದ ಬಳ್ಳಿಗಳು ಅದಕ್ಕೂ ಮೇಲಿನ ಗುರುತು.

ಮರುದಿನ ಬೆಳಗಾಗುವಷ್ಟರಲ್ಲಿ ನೀರು ಮತ್ತೆ ಹಿಂದೆ ಸರಿದಿತ್ತು. ಮಗನು ಕೋಲೊಂದನ್ನು ನೀರಿನಂಚಿಗೆ ನೆಟ್ಟು ಅರ್ಧ ಗಂಟೆಗೊಮ್ಮೆ ಇನ್ನೊಂದನ್ನು ನೆಡುತ್ತ ಹೋದನು. ಕೋಲುಗಳ ನಡುವಿನ ಅಂತರ ಮೊದಲು ಕಿರಿದಾಗಿದ್ದು ಆಮೇಲೆ ಹಿಗ್ಗಿದುದನ್ನು ಹೆಜ್ಜೆಗಳಿಂದ ಅಳೆದು ಬರೆದುಕೊಂಡನು. ಕಡಲ ಬಳಿಗೆ ಹೋಗುವ ವಿದ್ಯಾರ್ಥಿಗಳೆಲ್ಲರೂ ಹತ್ತು ಕೋಲು, ಒಂದು ಗಡಿಯಾರಗಳಿಂದ ಈ ಪ್ರಯೋಗವನ್ನು ಮಾಡಿ ನೋಡಬಹುದು. ಮಗಳು ಮಾತ್ರ ನಮ್ಮ ಗಾಡಿ ನಿಂತಿದ್ದ ಜಾಗವನ್ನು ಹುಡುಕುತ್ತಿದ್ದಳು. ಅದು ಸಿಗಲಿಲ್ಲ, ಚಕ್ರಗಳು ತೋಡಿದ್ದ ಹಳ್ಳಗಳನ್ನು ಕಡಲು ರಾತ್ರಿಯೇ ತುಂಬಿ, ಮರಳನ್ನು ಮೊದಲಿನಂತೆ ನುಣುಪು ಮಾಡಿಟ್ಟಿತ್ತು. ಅಜ್ಜನನ್ನು ಬೀಳ್ಕೊಳ್ಳುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವತ್ತು ಯಾವ ತಿಥಿ, ಮಾಸ್ತರೇ?" ಈ ಸಲ ನಮಗೆ ಉತ್ತರ ಗೊತ್ತಿತ್ತು.